ಪ್ರಸಿದ್ಧರ ಕೊಲೆ ಮೊಕದ್ದಮೆಗಳೂ ಜನತೆಯ ಕುತೂಹಲವೂ

— ಅಂತಿಮ ಬಿ. ಎ. ವಿದ್ಯಾರ್ಥಿ

ಕೊಲೆ ಎಲ್ಲಿ ನಡೆದರೂ ಕೊಲೆಯೇ. ಗುಡಿಸಲಿನಲ್ಲಿ ನಡೆಯಲಿ, ಮಹಡಿಯ ಮನೆಯಲ್ಲಿ ನಡೆಯಲಿ, ಕಾನೂನಿನ ಪುಸ್ತಕದಲ್ಲಿ ಅದಕ್ಕಿರುವ ಕಲಂ ಒಂದೇ. ಹೀಗಿದ್ದರೂ ಒಂದು ಕೊಲೆಯ ವಿಚಾರಣೆ ನಡೆಯುವಾಗ ಕೋರ್ಟಿನ ಅಂಗಳದಲ್ಲಿ ಕಾಲಿಡಲು ಸ್ಥಳವಿಲ್ಲದಂತೆ ಜನ ನೆರೆಯುತ್ತಾರೆ. ಇನ್ನೊಂದು ನಡೆಯುವಾಗ ಬೆಂಚುಗಳು ಬರಿದಾಗಿರುತ್ತವೆ. ಈ ಭೇದವೇಕೆ? ಪ್ರಸಿದ್ಧರು ಸಿಲುಕಿದ ಕೊಲೆ ಮೊಕದ್ದಮೆಗಳು ಜನರ ಮನಸ್ಸನ್ನೂ ಪತ್ರಿಕೆಗಳ ಪುಟಗಳನ್ನೂ ಹೀಗೆ ಸೆರೆಹಿಡಿಯುವುದು ಯಾವ ಕಾರಣದಿಂದ? ನಾನು ಕಾನೂನಿನ ವಿದ್ಯಾರ್ಥಿಯಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಇವನ್ನು ಓದುತ್ತಿರುವವನು. ಆದರೂ ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ನನಗೊಂದು ಸ್ವಂತ ಕಾರಣವುಂಟು. ಅದನ್ನು ಮೊದಲು ನಿವೇದಿಸಿ ಅನಂತರ ವಿಷಯಕ್ಕೆ ಬರುತ್ತೇನೆ.

ನಮ್ಮದು ಸುಮಾರು ನೂರು ಮನೆಗಳ ಹಳ್ಳಿ. ಕೆಲವು ವರ್ಷಗಳ ಹಿಂದೆ ಅಲ್ಲಿ ಹೊಲದ ಬದುವಿನ ಜಗಳದಲ್ಲಿ ಒಬ್ಬ ರೈತ ಹತನಾದ. ಆತನ ದಾಯಾದಿಗಳ ಮೇಲೆ ಮೊಕದ್ದಮೆ ನಡೆಯಿತು. ಸ್ಥಳದ ಮಹಜರಿಗೆ ಪಂಚರಾಗಿದ್ದವರಲ್ಲಿ ನಮ್ಮ ತಂದೆಯವರೂ ಒಬ್ಬರು. ಅವರಿಗೆ ಓದುಬರಹ ಬಾರದು; ಹೆಬ್ಬೆಟ್ಟಿನ ಗುರುತು ಹಾಕಿದ್ದರು. ಮೊಕದ್ದಮೆ ಜಿಲ್ಲಾ ಕೇಂದ್ರದ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆಗೆ ಬರುವ ವೇಳೆಗೆ ನಾನು ಪಿ. ಯು. ಸಿ. ತರಗತಿಯಲ್ಲಿದ್ದೆ. ಸಮನ್ಸನ್ನು ಓದಿ ಹೇಳಿದವನೂ, ಅವರೊಡನೆ ಬಸ್ಸಿನಲ್ಲಿ ಹೋದವನೂ ನಾನೇ. ಎರಡು ಸಲ ವಾಯಿದೆ ಬಿತ್ತು. ಎರಡು ದಿನದ ಕೂಲಿ ಹೋಯಿತು. ಮೂರನೆಯ ಸಲ ಜವಾನ ಹೆಸರು ಕೂಗಿದ. ಮಹಜರಿನಲ್ಲಿ ಏನು ಬರೆದಿತ್ತು ಎಂದು ಎದುರುಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಕೇಳಿದರು. ಕಟಕಟೆಯಲ್ಲಿ ನಿಂತ ತಂದೆಯವರು ನಿಜವನ್ನೇ ಹೇಳಿದರು: “ನಂಗೆ ಓದೋಕೆ ಬರಾಕಿಲ್ಲ ಸ್ವಾಮಿ. ಒತ್ತು ಅಂದ್ರು, ಒತ್ತಿದೆ.” ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಆಗ ಆ ಕೋಣೆಯಲ್ಲಿ ಇದ್ದವರು ನ್ಯಾಯಾಧೀಶರು, ವಕೀಲರು, ಕೋರ್ಟಿನ ಸಿಬ್ಬಂದಿ, ಆರೋಪಿಗಳು ಮತ್ತು ನಾನು. ಸತ್ತವನ ಹೆಂಡತಿ ಹೊರಗೆ ಜಗಲಿಯ ಮೇಲೆ ಕುಳಿತಿದ್ದಳು. ಕಣ್ಣಾರೆ ಕಂಡೆವೆಂದು ಮೊದಲು ಹೇಳಿದ್ದ ಸಾಕ್ಷಿಗಳೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಸಂಶಯದ ಲಾಭವನ್ನು ಕೊಟ್ಟು ಆರೋಪಿಗಳನ್ನು ಬಿಡುಗಡೆ ಮಾಡಿದರು. ತೀರ್ಪು ತಪ್ಪೆಂದು ನಾನು ಹೇಳುತ್ತಿಲ್ಲ. ಎದುರಿಗಿದ್ದ ಸಾಕ್ಷ್ಯಕ್ಕೆ ತಕ್ಕ ತೀರ್ಪೇ ಅದಾಗಿದ್ದೀತು. ಆದರೆ ಆ ಮೊಕದ್ದಮೆಯ ವಿಷಯವಾಗಿ ಯಾವ ಪತ್ರಿಕೆಯಲ್ಲಿಯೂ ನಾಲ್ಕು ಸಾಲು ಬಂದುದನ್ನು ನಾನು ಕಾಣಲಿಲ್ಲ.

ಆ ಮೊಕದ್ದಮೆ ನಡೆದದ್ದು ಭಾರತೀಯ ದಂಡ ಸಂಹಿತೆಯ 302ನೆಯ ಕಲಮಿನ ಕೆಳಗೆ. (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಕೊಲೆಯ ಶಿಕ್ಷೆಗೆ ಅದರ 103ನೆಯ ಕಲಂ ಅನ್ವಯಿಸುತ್ತದೆ.) ಅದೇ 302ನೆಯ ಕಲಮಿನ ಕೆಳಗೆ ನಡೆದ ಇನ್ನೊಂದು ಮೊಕದ್ದಮೆಯ ವೃತ್ತಾಂತವನ್ನು ಪದವಿ ತರಗತಿಗೆ ಬಂದಮೇಲೆ ಪುಸ್ತಕಭಂಡಾರದಲ್ಲಿ ಓದಿದೆ. ಅದು ಮುಂಬಯಿಯ ನಾನಾವತಿ ಮೊಕದ್ದಮೆ. ನಡೆದು ಆರು ದಶಕಗಳು ಕಳೆದರೂ ಜನ ಅದನ್ನು ಮರೆತಿಲ್ಲ. ನಮ್ಮ ಹಳ್ಳಿಯ ಮೊಕದ್ದಮೆಯನ್ನಾದರೋ ನಮ್ಮ ಹೋಬಳಿಯವರೇ ಮರೆತಿದ್ದಾರೆ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋಚಿದ ವಿಚಾರಗಳೇ ಈ ಲೇಖನ.

ಮೊದಲು ನಾನಾವತಿ ಮೊಕದ್ದಮೆಯ ಸಂಗತಿಗಳು. ಕಮಾಂಡರ್ ಕಾವಸ್ ಮಾಣೆಕ್‌ಷಾ ನಾನಾವತಿ ಭಾರತೀಯ ನೌಕಾಪಡೆಯ ಅಧಿಕಾರಿ, ಪಾರಸಿ ಜನಾಂಗದವರು. ‘ಮೈಸೂರು’ ಎಂಬ ಯುದ್ಧನೌಕೆಯಲ್ಲಿ ಎರಡನೆಯ ಸ್ಥಾನದ ಅಧಿಕಾರಿಯಾಗಿದ್ದರು. ನಮ್ಮ ಹಳೆಯ ಸಂಸ್ಥಾನದ ಹೆಸರನ್ನು ಹೊತ್ತ ಹಡಗೆಂಬುದೇ ಈ ಕಥೆಗೂ ನಮ್ಮ ನಾಡಿಗೂ ಇರುವ ನಂಟು. ಅವರು 1949ರಲ್ಲಿ ಇಂಗ್ಲೆಂಡಿನಲ್ಲಿ ಸಿಲ್ವಿಯಾ ಎಂಬ ಮಹಿಳೆಯನ್ನು ಮದುವೆಯಾಗಿದ್ದರು; ಮೂವರು ಮಕ್ಕಳು. ಪತಿ ಸಮುದ್ರದ ಮೇಲಿರುತ್ತಿದ್ದ ಕಾಲದಲ್ಲಿ ಆಕೆಗೂ ಪ್ರೇಮ್ ಅಹುಜಾ ಎಂಬ ಸಿಂಧಿ ವರ್ತಕನಿಗೂ ಸ್ನೇಹ ಬೆಳೆಯಿತು. 1959ರ ಏಪ್ರಿಲ್ 27ರಂದು ಆಕೆ ಪತಿಯ ಮುಂದೆ ಇದನ್ನು ಒಪ್ಪಿಕೊಂಡಳು. ನಾನಾವತಿ ಹೆಂಡತಿಯನ್ನೂ ಮಕ್ಕಳನ್ನೂ ಸಿನಿಮಾ ಮಂದಿರದ ಬಳಿ ಇಳಿಸಿದರು. ಅನಂತರ ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರನ್ನೂ ಆರು ತೋಟಾಗಳನ್ನೂ ಪಡೆದರು. ಅಹುಜಾ ಕಚೇರಿಯಲ್ಲಿ ಇಲ್ಲದ್ದರಿಂದ ಅವನ ಮನೆಗೆ ಹೋದರು. ಅಹುಜಾ ಆಗ ತಾನೇ ಸ್ನಾನ ಮುಗಿಸಿ ಟವೆಲು ಸುತ್ತಿಕೊಂಡಿದ್ದ. ಮಲಗುವ ಕೋಣೆಯಲ್ಲಿ ಗುಂಡಿನ ಸದ್ದಾಯಿತು, ಅಹುಜಾ ಸತ್ತ. ನಾನಾವತಿ ತಾವಾಗಿಯೇ ಹೋಗಿ ಪೋಲೀಸರಿಗೆ ಶರಣಾದರು.

ಸೆಷನ್ಸ್ ಕೋರ್ಟಿನಲ್ಲಿ ಒಂಬತ್ತು ಮಂದಿ ಜೂರಿಯ ಮುಂದೆ ವಿಚಾರಣೆ ನಡೆಯಿತು. ಇಬ್ಬರಿಗೂ ಕೈಕೈ ಮಿಲಾಯಿಸಿ ರಿವಾಲ್ವರು ಆಕಸ್ಮಿಕವಾಗಿ ಹಾರಿತೆಂಬುದು ಆರೋಪಿಯ ಪಕ್ಷದ ವಾದ. ಹೊಯ್‌ಕೈ ನಡೆದಿದ್ದರೆ ಸೊಂಟದ ಟವೆಲು ಅಲುಗದೆ ಉಳಿದದ್ದು ಹೇಗೆಂಬುದು ಸರ್ಕಾರದ ಪಕ್ಷದ ಪ್ರಶ್ನೆ. ಒಂಬತ್ತರಲ್ಲಿ ಎಂಟು ಮಂದಿ ಜೂರಿ ನಿರಪರಾಧಿಯೆಂದರು. ನ್ಯಾಯಾಧೀಶರಾದ ಆರ್. ಬಿ. ಮೆಹ್ತಾ ಅವರು ಈ ಅಭಿಪ್ರಾಯ ಸಾಕ್ಷ್ಯಕ್ಕೆ ಸಲ್ಲದ್ದೆಂದು ಬಗೆದು ಮೊಕದ್ದಮೆಯನ್ನು ಹೈಕೋರ್ಟಿಗೆ ಒಪ್ಪಿಸಿದರು. 1960ರ ಮಾರ್ಚ್ 11ರಂದು ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಾನಾವತಿ ಮನೆ ಬಿಟ್ಟದ್ದು ಮಧ್ಯಾಹ್ನ 1-30ಕ್ಕೆ. ಕೊಲೆ ನಡೆದದ್ದು 4-20ರ ಸುಮಾರಿಗೆ. ಈ ಮಧ್ಯೆ ಸಿಟ್ಟು ಇಳಿಯಲು ಸಾಕಷ್ಟು ಕಾಲವಿತ್ತು. ಹೆಂಡತಿ ಮಕ್ಕಳ ಮುಂದಿನ ಬಾಳನ್ನು ಯೋಚಿಸುವಷ್ಟು ಸ್ಥಿಮಿತ ಅವರಿಗೆ ಬಂದಿತ್ತು. ಆದುದರಿಂದ ಇದು ಹಠಾತ್ತಾಗಿ ಕೆರಳಿ ಮಾಡಿದ ಕೃತ್ಯವಲ್ಲವೆಂದು ಕೋರ್ಟು ನಿರ್ಣಯಿಸಿತು.

ಕಾನೂನಿನ ಮಟ್ಟಿಗೆ ಕಥೆ ಇಷ್ಟೇ. ಆದರೆ ಜನ ಹಿಡಿದುಕೊಂಡದ್ದು ಇದನ್ನಲ್ಲ. ಆರ್. ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ಎಂಬ ವಾರಪತ್ರಿಕೆ ನಾನಾವತಿಯವರ ಪರವಾಗಿ ನಿಂತು ವಾರವಾರವೂ ಬರೆಯಿತು. ಇಪ್ಪತ್ತೈದು ಪೈಸೆಯ ಪತ್ರಿಕೆ ಎರಡು ರೂಪಾಯಿಗೆ ಮಾರಾಟವಾಯಿತಂತೆ. ಬೀದಿ ವ್ಯಾಪಾರಿಗಳು ‘ಅಹುಜಾ ಟವೆಲು’, ‘ನಾನಾವತಿ ರಿವಾಲ್ವರು’ ಎಂದು ಕೂಗಿ ಟವೆಲುಗಳನ್ನೂ ಆಟದ ಪಿಸ್ತೂಲುಗಳನ್ನೂ ಮಾರಿದರಂತೆ. ಒಬ್ಬ ಮನುಷ್ಯನ ಮೈಮೇಲಿದ್ದ ಕೊನೆಯ ಬಟ್ಟೆ ಸಂತೆಯ ಸರಕಾದುದನ್ನು ಓದಿದಾಗ ನನಗೆ ನಗುವೂ ಬಂದಿತು, ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

ಇಂತಹ ಮೊಕದ್ದಮೆಗಳು ಜನರನ್ನು ಸೆಳೆಯುವುದಕ್ಕೆ ಕಾರಣಗಳೇನು? ನನ್ನ ಅಲ್ಪಮತಿಗೆ ನಾಲ್ಕು ಕಾಣುತ್ತವೆ.

ಮೊದಲನೆಯದು, ಎತ್ತರದಲ್ಲಿದ್ದವರ ಪತನವನ್ನು ನೋಡುವ ಆಸೆ. ಇದು ಇಂದು ನಿನ್ನೆಯದಲ್ಲ. ದುರಂತ ನಾಟಕದ ನಾಯಕ ಕೀರ್ತಿಯಲ್ಲಿಯೂ ಸಂಪತ್ತಿನಲ್ಲಿಯೂ ದೊಡ್ಡವನಾಗಿರಬೇಕೆಂದು ಗ್ರೀಸಿನ ಅರಿಸ್ಟಾಟಲ್ ಹೇಳಿದನೆಂಬುದನ್ನು ನಾವು ಕಾವ್ಯಮೀಮಾಂಸೆಯ ಪಾಠದಲ್ಲಿ ಕೇಳಿದ್ದೇವೆ. ರನ್ನನ ‘ಗದಾಯುದ್ಧ’ದಲ್ಲಿ ಗೆದ್ದವನು ಭೀಮನಾದರೂ ನಮ್ಮ ಮನಸ್ಸು ಹೋಗಿ ನಿಲ್ಲುವುದು ಹನ್ನೊಂದು ಅಕ್ಷೌಹಿಣಿಯ ಒಡೆಯನಾಗಿದ್ದು ಒಬ್ಬಂಟಿಯಾಗಿ ರಣರಂಗದಲ್ಲಿ ನಡೆಯುವ ದುರ್ಯೋಧನನ ಮೇಲೆಯೇ. ಬಡವನ ಪತನವನ್ನು ಯಾರೂ ಪತನವೆಂದು ಎಣಿಸುವುದಿಲ್ಲ. ಅವನು ಬೀಳುವ ಎತ್ತರವೇ ಕಡಿಮೆ. ಬಿಳಿಯ ಸಮವಸ್ತ್ರ ತೊಟ್ಟು, ಎದೆಯ ಮೇಲೆ ಪದಕಗಳನ್ನು ಧರಿಸಿ ಕಟಕಟೆಯಲ್ಲಿ ನಿಂತ ನೌಕಾಧಿಕಾರಿಯ ಚಿತ್ರ ಮನಸ್ಸಿನಲ್ಲಿ ಉಳಿಯುವಂತೆ, ಹರಕು ಅಂಗಿ ತೊಟ್ಟು ನಿಂತ ಒಕ್ಕಲಿನ ಚಿತ್ರ ಉಳಿಯುವುದಿಲ್ಲ. ನಾನಾವತಿಯವರು ಅದಕ್ಕೆ ಮೊದಲು ಜನಕ್ಕೆ ಗೊತ್ತಿದ್ದವರೇನಲ್ಲ. ಆದರೆ ಅವರ ಪದವಿಯೂ ರೂಪವೂ ಅವರನ್ನು ಒಂದೇ ವಾರದಲ್ಲಿ ಕಥಾನಾಯಕರನ್ನಾಗಿ ಮಾಡಿದುವು. ಪ್ರಸಿದ್ಧರು ಮೊಕದ್ದಮೆಗೆ ಸಿಕ್ಕುವುದು ಮಾತ್ರವಲ್ಲ, ಮೊಕದ್ದಮೆಯೂ ಪ್ರಸಿದ್ಧರನ್ನು ಹುಟ್ಟಿಸುತ್ತದೆ.

ಎರಡನೆಯದು, ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಇಣುಕುವ ಆಸೆ. ದೊಡ್ಡವರ ಮನೆಯ ಅಂಗಳದವರೆಗೆ ಮಾತ್ರ ನಮಗೆ ಪ್ರವೇಶ. ಕೋರ್ಟಾದರೋ ಮಲಗುವ ಕೋಣೆಯವರೆಗೂ ನಮ್ಮನ್ನು ಕರೆದೊಯ್ಯುತ್ತದೆ. ಗಂಡಹೆಂಡಿರ ಮಾತು, ಬರೆದ ಕಾಗದಗಳು, ಯಾವ ಹೊತ್ತಿಗೆ ಯಾರು ಎಲ್ಲಿದ್ದರೆಂಬ ಲೆಕ್ಕ ಎಲ್ಲವೂ ಸಾಕ್ಷ್ಯವಾಗಿ ಬಯಲಿಗೆ ಬರುತ್ತವೆ. ಸಿಲ್ವಿಯಾ ಅಹುಜಾನಿಗೆ ಬರೆದಿದ್ದ ಕಾಗದಗಳನ್ನು ಕೋರ್ಟಿನಲ್ಲಿ ಹಾಜರುಪಡಿಸಿದರು. ಪರರ ಕಾಗದವನ್ನು ಓದುವುದು ಹೀನಕಾರ್ಯವೆಂದು ಮಕ್ಕಳಿಗೆ ಬುದ್ಧಿ ಹೇಳುವವರು ಕೂಡ ಅವನ್ನು ಪತ್ರಿಕೆಯಲ್ಲಿ ಸಂಕೋಚವಿಲ್ಲದೆ ಓದಿದರು. ನ್ಯಾಯದ ಹೆಸರು ಮುಂದಿರುವುದರಿಂದ ಚಾಡಿ ಕೇಳಿದ ಪಾಪ ನಮಗೆ ತಟ್ಟದೆಂದು ನಾವು ನಂಬುತ್ತೇವೆ.

ಮೂರನೆಯದು, ವಿಚಾರಣೆಗಿರುವ ನಾಟಕದ ಕಟ್ಟು. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಎದುರುಬದುರಾಗಿ ಕುಳಿತ ಅರ್ಥಧಾರಿಗಳ ವಾದ ಪ್ರತಿವಾದವೇ ರಾತ್ರಿಯೆಲ್ಲ ಸಭೆಯನ್ನು ಹಿಡಿದು ನಿಲ್ಲಿಸುತ್ತದೆ. ಕೋರ್ಟಿನಲ್ಲಿಯೂ ಹಾಗೆಯೇ. ಒಂದು ಪಕ್ಷ ಕಟ್ಟಿದ್ದನ್ನು ಇನ್ನೊಂದು ಪಕ್ಷ ಕೆಡವುತ್ತದೆ. ಒಂದು ಟವೆಲಿನ ಗಂಟಿನ ಮೇಲೆ ಒಬ್ಬನ ಜೀವ ತೂಗುತ್ತದೆ. ಅಷ್ಟರಲ್ಲಿ ಹೊತ್ತು ಮುಗಿದು ನಾಳೆಗೆ ಮುಂದೂಡುತ್ತಾರೆ. ಧಾರಾವಾಹಿ ಬರೆಯುವವರು ಎಷ್ಟು ಶ್ರಮಪಟ್ಟರೂ ಇಷ್ಟು ಚೆನ್ನಾಗಿ ಕಂತು ಕಡಿಯಲಾರರು. ನಾನಾವತಿ ಪ್ರಕರಣದಿಂದ ಚಲನಚಿತ್ರಗಳು ಮತ್ತೆ ಮತ್ತೆ ಹುಟ್ಟಿದುದು ಆಶ್ಚರ್ಯವಲ್ಲ: 1963ರಲ್ಲಿ ‘ಯೇ ರಾಸ್ತೇ ಹೈಂ ಪ್ಯಾರ್ ಕೇ’, 1973ರಲ್ಲಿ ‘ಅಚಾನಕ್’, 2016ರಲ್ಲಿ ‘ರುಸ್ತುಂ’.

ನಾಲ್ಕನೆಯದೂ ಮುಖ್ಯವಾದುದೂ ಯಾವುದೆಂದರೆ, ಹೊಣೆಯಿಲ್ಲದೆ ನ್ಯಾಯಾಧೀಶರಾಗುವ ಸುಖ. ನಮ್ಮ ನಿತ್ಯಜೀವನದಲ್ಲಿ ತೀರ್ಪು ಕೊಡುವವರು ಬೇರೆಯವರು: ಮನೆಯಲ್ಲಿ ಹಿರಿಯರು, ಹೊಲದಲ್ಲಿ ಯಜಮಾನ, ಕಚೇರಿಯಲ್ಲಿ ಅಧಿಕಾರಿ, ಪರೀಕ್ಷೆಯಲ್ಲಿ ಪರೀಕ್ಷಕರು. ಪ್ರಸಿದ್ಧರ ಮೊಕದ್ದಮೆ ನಡೆಯುವಾಗ ಮಾತ್ರ ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತವನೂ ದೊಡ್ಡವರ ಮೇಲೆ ತೀರ್ಪು ಕೊಡಬಲ್ಲ. ಈ ತೀರ್ಪಿಗೆ ಸಾಕ್ಷ್ಯ ಬೇಡ, ತಪ್ಪಿದರೆ ದಂಡವಿಲ್ಲ. ಆದರೆ ಈ ಬೆಂಚಿನ ನ್ಯಾಯಾಧೀಶ ತೂಗುವುದು ಕೃತ್ಯವನ್ನಲ್ಲ, ಮನುಷ್ಯನನ್ನು. ಮುಂಬಯಿಯ ಜನ ಕೇಳಿದ್ದು ‘ನಾನಾವತಿ ಕೊಂದರೇ?’ ಎಂದಲ್ಲ, ‘ನಾನಾವತಿ ಒಳ್ಳೆಯವರೇ?’ ಎಂದು. ಒಳ್ಳೆಯವರೆಂದು ತೋರಿದ ಮೇಲೆ ಕೊಂದುದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಪಾರಸಿಗಳು ಅವರಿಗೆ ಬೆಂಬಲವಾಗಿ ಸಭೆ ಸೇರಿದರು. ಸಿಂಧಿಗಳಲ್ಲಿ ಅನೇಕರು ಅಹುಜಾನ ಪಕ್ಷ ಹಿಡಿದರು. ಮೊಕದ್ದಮೆ ಎರಡು ಜನಾಂಗಗಳ ಮಾನಾಪಮಾನದ ಪ್ರಶ್ನೆಯಾಗಿ ಬಿಟ್ಟಿತು.

ಈ ನಾಲ್ಕು ಆಸೆಗಳೂ ಜನರಲ್ಲಿ ಮೊದಲೇ ಇರುವಂಥವು. ಅವಕ್ಕೆ ಬೆಲೆ ಕಟ್ಟಿ ಮಾರುವುದು ಪತ್ರಿಕೆ. ಪತ್ರಿಕೆಗೆ ಇದು ಬಹು ಅನುಕೂಲವಾದ ಸರಕು: ವಿಷಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕೋರ್ಟೇ ಪ್ರತಿದಿನ ಒದಗಿಸುತ್ತದೆ, ಪಾತ್ರಗಳ ಪರಿಚಯ ಮಾಡಿಕೊಡಬೇಕಾಗಿಲ್ಲ, ಓದುಗರಿಗೆ ಮೊದಲೇ ಗೊತ್ತು. ಮುಂಬಯಿಯಲ್ಲಿ ಒಂದು ವಾರಪತ್ರಿಕೆ ಮಾಡಿದುದನ್ನು ಅಮೆರಿಕದಲ್ಲಿ ಟೆಲಿವಿಷನ್ ಇನ್ನೂ ದೊಡ್ಡದಾಗಿ ಮಾಡಿತು. ಹೆಸರಾಂತ ಫುಟ್‌ಬಾಲ್ ಆಟಗಾರನೂ ನಟನೂ ಆಗಿದ್ದ ಓ. ಜೆ. ಸಿಂಪ್ಸನ್ ತನ್ನ ಮಾಜಿ ಪತ್ನಿಯನ್ನೂ ಆಕೆಯ ಸ್ನೇಹಿತನನ್ನೂ 1994ರಲ್ಲಿ ಕೊಂದನೆಂಬ ಆರೋಪದ ವಿಚಾರಣೆಯನ್ನು ಲಾಸ್ ಏಂಜಲೀಸಿನ ಕೋರ್ಟಿನಿಂದ ನೇರವಾಗಿ ಪ್ರಸಾರ ಮಾಡಿದರು. ಈ ಗಲಭೆ ಜೂರಿಯ ಕಿವಿಗೆ ಬೀಳದಿರಲೆಂದು ಅವರನ್ನು ತಿಂಗಳುಗಟ್ಟಲೆ ಹೋಟೆಲಿನಲ್ಲಿ ಪ್ರತ್ಯೇಕವಾಗಿ ಇರಿಸಬೇಕಾಯಿತು. 1995ರ ಅಕ್ಟೋಬರ್ 3ರಂದು ಆತ ನಿರಪರಾಧಿಯೆಂದು ತೀರ್ಪಾದಾಗ ಆ ದೇಶದ ಕರಿಯರೂ ಬಿಳಿಯರೂ ಬೇರೆ ಬೇರೆ ರೀತಿಯಲ್ಲಿ ಅದನ್ನು ಬರಮಾಡಿಕೊಂಡರು. ಪಾರಸಿ–ಸಿಂಧಿ ಎಂಬಲ್ಲಿ ಕರಿಯ–ಬಿಳಿಯ ಎಂದಾಯಿತು. ಕಥೆಯ ಕಟ್ಟು ಮಾತ್ರ ಅದೇ.

ಕುತೂಹಲದಿಂದ ಆಗುವ ಹಾನಿಯೇನು ಎಂದು ಕೇಳಬಹುದು. ಜನ ಓದಿದರು, ಮಾತನಾಡಿದರು, ಅಷ್ಟೇ ತಾನೇ? ಅಷ್ಟೇ ಅಲ್ಲ. ಹೈಕೋರ್ಟು ಶಿಕ್ಷೆ ವಿಧಿಸಿದ ದಿನವೇ ಮುಂಬಯಿ ರಾಜ್ಯಪಾಲರಾದ ಶ್ರೀಪ್ರಕಾಶರು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ನಾನಾವತಿ ನೌಕಾಪಡೆಯ ವಶದಲ್ಲಿಯೇ ಇರಲೆಂದು ಆಜ್ಞೆ ಮಾಡಿದರು. ಸುಪ್ರೀಂ ಕೋರ್ಟಿನ ಮುಂದೆ ವಿಷಯವಿರುವಾಗ ಆ ಆಜ್ಞೆ ನಡೆಯದೆಂದು ಸಂವಿಧಾನ ಪೀಠ 1960ರಲ್ಲಿ ಹೇಳಬೇಕಾಯಿತು. ಕೊನೆಗೆ 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತರು ನಾನಾವತಿಗೆ ಕ್ಷಮಾದಾನ ನೀಡಿದರು. ಅದೇ ಕಾಲದಲ್ಲಿ ಭಾಯಿ ಪ್ರತಾಪ್ ಎಂಬ ಸಿಂಧಿ ವರ್ತಕರಿಗೂ ಕ್ಷಮೆ ದೊರೆಯಿತು. ಎರಡು ಜನಾಂಗಗಳಿಗೂ ಸಮಾಧಾನವಾಗಲೆಂಬ ಉಪಾಯವಿದೆಂದು ಹೇಳುತ್ತಾರೆ. ನಾನಾವತಿ ಕುಟುಂಬ 1968ರಲ್ಲಿ ಕೆನಡಾಕ್ಕೆ ಹೋಗಿ ನೆಲಸಿತು. ಅವರು 2003ರಲ್ಲಿ ತೀರಿಕೊಂಡರು. ಆ ಕುಟುಂಬ ಒಂದಾಗಿ ಉಳಿಯಿತೆಂಬುದು ಸಂತೋಷದ ಸಂಗತಿಯೇ. ಆದರೆ ಜೀವಾವಧಿ ಶಿಕ್ಷೆಗೊಳಗಾದ ಎಷ್ಟು ಮಂದಿ ಬಡವರಿಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೂರು ವರ್ಷದೊಳಗೆ ರಾಜ್ಯಪಾಲರ ಕ್ಷಮೆ ದೊರೆತೀತು?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸುವುದು ಉಚಿತ. ಈ ಮೊಕದ್ದಮೆಯ ಕಾರಣದಿಂದಲೇ ನಮ್ಮ ದೇಶದಲ್ಲಿ ಜೂರಿ ಪದ್ಧತಿ ರದ್ದಾಯಿತೆಂದೂ, ಇದೇ ಕೊನೆಯ ಜೂರಿ ವಿಚಾರಣೆಯೆಂದೂ ಹಲವರು ಹೇಳುತ್ತಾರೆ. ಅದು ಪೂರ್ಣ ಸತ್ಯವಲ್ಲ. ಕೊಲೆ ನಡೆಯುವುದಕ್ಕೆ ಮೊದಲೇ, 1958ರಲ್ಲಿಯೇ, ಕಾನೂನು ಆಯೋಗ ಜೂರಿ ಪದ್ಧತಿಯನ್ನು ತೆಗೆದುಹಾಕಬೇಕೆಂದು ವರದಿ ಮಾಡಿತ್ತು. ನಾನಾವತಿ ಮೊಕದ್ದಮೆಯ ಅನಂತರವೂ ಕೆಲವೆಡೆ ಜೂರಿಗಳು ಕುಳಿತದ್ದುಂಟು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ಪದ್ಧತಿಗೆ ಸ್ಥಾನ ದೊರೆಯಲಿಲ್ಲ. ಇಷ್ಟು ದೊಡ್ಡ ಬದಲಾವಣೆಗೂ ಒಂದೇ ಪ್ರಸಿದ್ಧ ಮೊಕದ್ದಮೆಯನ್ನು ಕಾರಣವಾಗಿ ಹೇಳುವ ನಮ್ಮ ಅಭ್ಯಾಸವೇ, ಕಥೆಯ ಮೇಲಿನ ನಮ್ಮ ಮೋಹಕ್ಕೆ ಇನ್ನೊಂದು ನಿದರ್ಶನ.

ಹಾಗಾದರೆ ಜನರ ಕುತೂಹಲ ಯಾವಾಗಲೂ ಕೆಡುಕೇ? ಹಾಗೆಂದರೆ ಅನ್ಯಾಯವಾದೀತು. 1999ರ ಏಪ್ರಿಲಿನಲ್ಲಿ ದೆಹಲಿಯ ಒಂದು ಔತಣಕೂಟದಲ್ಲಿ ಮದ್ಯ ಕೊಡಲು ನಿರಾಕರಿಸಿದ ಜೆಸಿಕಾ ಲಾಲ್ ಎಂಬ ತರುಣಿಯನ್ನು ಗುಂಡಿಟ್ಟು ಕೊಂದರು. ಮುಖ್ಯ ಆರೋಪಿ ಪ್ರಭಾವಶಾಲಿ ರಾಜಕಾರಣಿಯೊಬ್ಬರ ಮಗ. ಅಲ್ಲಿಯೂ ಸಾಕ್ಷಿಗಳು ತಿರುಗಿಬಿದ್ದರು. 2006ರ ಫೆಬ್ರವರಿಯಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಆಗ ಪತ್ರಿಕೆಗಳೂ ಟೆಲಿವಿಷನ್ನೂ ಗಟ್ಟಿಯಾಗಿ ಮಾತನಾಡಿದುವು. ಜನ ಇಂಡಿಯಾ ಗೇಟಿನ ಬಳಿ ಮೇಣದ ಬತ್ತಿ ಹಚ್ಚಿ ನಿಂತರು. ಮೇಲ್ಮನವಿ ಬೇಗ ವಿಚಾರಣೆಗೆ ಬಂದು, ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆ ವಿಧಿಸಿತು; 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಥಿರಪಡಿಸಿತು. ಜನರ ಕಣ್ಣು ಅಲ್ಲಿ ನೆಟ್ಟಿರದಿದ್ದರೆ ಆ ಮೊಕದ್ದಮೆಯೂ ನಮ್ಮ ಹಳ್ಳಿಯ ಮೊಕದ್ದಮೆಯಂತೆ ಮುಗಿದುಹೋಗುತ್ತಿತ್ತೇನೋ.

ಈ ಎರಡು ಮೊಕದ್ದಮೆಗಳ ಹೆಸರುಗಳನ್ನು ಗಮನಿಸಬೇಕು. ಒಂದನ್ನು ನಾವು ಕರೆಯುವುದು ಕೊಂದವರ ಹೆಸರಿನಿಂದ; ಇನ್ನೊಂದನ್ನು ಸತ್ತವಳ ಹೆಸರಿನಿಂದ. ಮುಂಬಯಿಯಲ್ಲಿ ಜನರ ಕಣ್ಣು ಕಟಕಟೆಯಲ್ಲಿ ನಿಂತವರ ಮೇಲಿತ್ತು. ಅಹುಜಾ ಒಬ್ಬ ದುಷ್ಟಪಾತ್ರವಾಗಿ, ಕೊನೆಗೆ ಒಂದು ಟವೆಲಾಗಿ ಉಳಿದ. ಅವನ ನಡತೆ ಹೇಗೇ ಇರಲಿ, ತನ್ನ ಪರವಾಗಿ ಒಂದು ಮಾತು ಹೇಳಲು ಅವನಿಗೆ ಬಾಯಿರಲಿಲ್ಲ. ದೆಹಲಿಯಲ್ಲಿ ಜನರ ಕಣ್ಣು, ಬಾಯಿಲ್ಲದೆ ಹೋದವಳ ಮೇಲಿತ್ತು. ಕುತೂಹಲ ಎರಡು ಕಡೆಯೂ ಒಂದೇ ಅಳತೆಯದು. ಅದು ಯಾವ ಕಡೆಗೆ ಮುಖ ಮಾಡಿತ್ತೆಂಬುದರಲ್ಲಿ ವ್ಯತ್ಯಾಸ. ಆದುದರಿಂದ, ಇಂತಹ ಯಾವ ಮೊಕದ್ದಮೆಯನ್ನು ಓದುವಾಗಲೂ ‘ಇದಕ್ಕೆ ಯಾರ ಹೆಸರಿಟ್ಟಿದ್ದೇವೆ?’ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಹಳ್ಳಿಯ ಮೊಕದ್ದಮೆಗಾದರೋ ಎರಡು ಹೆಸರೂ ಇಲ್ಲ. ಊರಿನಲ್ಲಿ ಅದಕ್ಕೆ ‘ಬದುವಿನ ಕೇಸು’ ಎನ್ನುತ್ತಾರೆ.

ಇಷ್ಟೆಲ್ಲ ಬರೆಯುವ ನಾನು ಈ ದೋಷದಿಂದ ದೂರವಿರುವವನೆಂದು ಯಾರೂ ಭಾವಿಸಬಾರದು. 2024ರಲ್ಲಿ ನಮ್ಮ ನಾಡಿನ ಜನಪ್ರಿಯ ಚಿತ್ರನಟರೊಬ್ಬರು ಕೊಲೆಯ ಆರೋಪದ ಮೇಲೆ ಬಂಧಿತರಾದರು. ಆ ಆರೋಪದ ನಿಜಾನಿಜ ನ್ಯಾಯಾಲಯಕ್ಕೆ ಸೇರಿದ್ದು. ನಾನು ಅದನ್ನು ಕುರಿತು ಏನನ್ನೂ ಹೇಳುವುದಿಲ್ಲ. ನಮ್ಮ ವಿದ್ಯಾರ್ಥಿನಿಲಯದ ಸ್ಥಿತಿಯನ್ನು ಮಾತ್ರ ಹೇಳುತ್ತೇನೆ. ಊಟದ ಹೊತ್ತಿನಲ್ಲಿ, ಮಲಗುವ ಹೊತ್ತಿನಲ್ಲಿ ಎಲ್ಲರ ಮೊಬೈಲಿನಲ್ಲಿಯೂ ಅದೇ ಸುದ್ದಿ. ವಿಚಾರಣೆ ಆರಂಭವಾಗುವ ಮೊದಲೇ ನಮ್ಮ ಕೋಣೆಯಲ್ಲಿ ತೀರ್ಪಾಗಿತ್ತು. ಒಬ್ಬ ಅಭಿಮಾನಿ, ಇನ್ನೊಬ್ಬ ವಿರೋಧಿ. ಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಇಬ್ಬರು ಗೆಳೆಯರು ಹದಿನೈದು ದಿನ ಮಾತು ಬಿಟ್ಟರು. ವಾದದಲ್ಲಿ ನಾನೇನು ಹಿಂದೆ ಬಿದ್ದಿರಲಿಲ್ಲ.

ಆ ವಾರದ ಕೊನೆಯಲ್ಲಿ ಊರಿಗೆ ಹೋದಾಗಲೂ ಜಗಲಿಯ ಮೇಲೆ ಕುಳಿತು ಅದೇ ಸುದ್ದಿಯನ್ನು ನೋಡುತ್ತಿದ್ದೆ. ಹಗ್ಗ ಹೊಸೆಯುತ್ತಿದ್ದ ತಂದೆಯವರು ಸ್ವಲ್ಪ ಹೊತ್ತು ಕೇಳಿ, “ಸತ್ತೋನ್ ಮನೇಲಿ ಯಾರ್ ಯಾರ್ ಅವ್ರಂತ್ಲಾ ಮಗಾ?” ಎಂದರು. ಒಂದು ವಾರದಿಂದ ಹಗಲೂ ರಾತ್ರಿ ಅದನ್ನೇ ನೋಡುತ್ತಿದ್ದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆರೋಪಿಗಳು ಏನು ತಿಂದರು, ಯಾವ ಬಣ್ಣದ ಅಂಗಿ ತೊಟ್ಟಿದ್ದರು ಎಂಬುದು ಮಾತ್ರ ಬಾಯಿಪಾಠವಾಗಿತ್ತು. “ನೋಡಿ ಹೇಳ್ತೀನಿ ಕಣಪ್ಪ” ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಹಗ್ಗ ಹೊಸೆಯುತ್ತಲೇ ಇದ್ದರು. ಬದುವಿನ ಕೇಸಿನಲ್ಲಿ ಸತ್ತವನ ಹೆಂಡತಿ ಈಗಲೂ ನಮ್ಮ ಬೀದಿಯಲ್ಲಿಯೇ ಇದ್ದಾಳೆ. ಅವಳ ಮನೆಯ ಮುಂದೆ ಹಾದುಹೋಗುವಾಗ ನಮ್ಮ ತಂದೆಯವರು ತಲೆ ಎತ್ತುವುದಿಲ್ಲ. ಸುಳ್ಳು ಹೇಳಿದವರಲ್ಲ ಅವರು. ಓದಲು ಬಾರದಿದ್ದುದೊಂದೇ ಅವರ ತಪ್ಪು. ಅದೂ ಅವರ ತಪ್ಪಲ್ಲ.

ಕುತೂಹಲವನ್ನು ಬಿಡಿರೆಂದು ಉಪದೇಶಿಸಿ ಪ್ರಯೋಜನವಿಲ್ಲ, ಅದು ಮನುಷ್ಯಸ್ವಭಾವ. ಆದರೆ ಪಂಕ್ತಿಯಲ್ಲಿ ಬಡಿಸುವಾಗ ಒಂದೇ ಎಲೆಗೆ ಎಲ್ಲವನ್ನೂ ಸುರಿಯಬಾರದು. ನಾಡಿನ ಗಮನವೂ ಒಂದು ಸಂಪತ್ತು. ಕಾನೂನು ಎಲ್ಲರಿಗೂ ಸಮನಾಗಿರಬೇಕಾದರೆ ಅದು ಹೆಸರಿದ್ದವರ ಎಲೆಗೆ ಮಾತ್ರ ಬೀಳುತ್ತಿರಬಾರದು. ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ತೆರೆದ ನ್ಯಾಯಾಲಯಗಳು. ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ವಿಚಾರಣೆಯನ್ನು ನೋಡಬಹುದು. ಇದನ್ನು ರಾಜ್ಯಶಾಸ್ತ್ರದ ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದೇವೆ. ಹೋಗಿ ಕುಳಿತವರು ನಮ್ಮಲ್ಲಿ ಎಷ್ಟು ಮಂದಿ?

ಕಳೆದ ರಜೆಯಲ್ಲಿ ಒಂದು ದಿನ ನಾನು ಅದೇ ಸೆಷನ್ಸ್ ಕೋರ್ಟಿಗೆ ಹೋದೆ. ಬಾಗಿಲ ಬಳಿಯಿದ್ದ ಜವಾನರು, “ಯಾವ ಕೇಸು?” ಎಂದು ಕೇಳಿದರು. “ಯಾವುದೂ ಇಲ್ಲ, ನೋಡಲು ಬಂದೆ” ಎಂದೆ. ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, “ಇಲ್ಲಿ ನೋಡೋಕೇನಿದೆಯಪ್ಪ” ಎನ್ನುತ್ತ ಹಿಂದಿನ ಬೆಂಚನ್ನು ತೋರಿಸಿದರು. ಒಳಗೆ ಒಬ್ಬ ಮುದುಕ ಕಟಕಟೆಯಲ್ಲಿ ನಿಂತಿದ್ದ. ವಕೀಲರು ಅವನ ಮುಂದೆ ಒಂದು ಕಾಗದ ಹಿಡಿದು, “ಇದು ನಿಮ್ಮದೇ ಗುರುತೇ?” ಎಂದು ಕೇಳುತ್ತಿದ್ದರು. ಮಿಕ್ಕ ಬೆಂಚುಗಳೆಲ್ಲ ಬರಿದಾಗಿದ್ದವು. ನಾನು ಹೋಗಿ ಕುಳಿತೆ.